ನಡುರಾತ್ರಿಯಲ್ಲಿ ಸಿಹಿಯ ಹಂಬಲ

ಮನೆಯವರೆಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಸದ್ದು ಮಾಡಿದರೆ ಇಲಿಯನ್ನೋ ಬೆಕ್ಕನ್ನೋ ಶಂಕಿಸುವುದು ವಾಡಿಕೆ. ಕೆಲವು ಮನೆಗಳಲ್ಲಿ ಆ ಸದ್ದು ಮಗುವಿನದಾಗಿರುತ್ತದೆ. ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಮುಟ್ಟದ, ಮಧ್ಯಾಹ್ನ ಅರೆಹೊಟ್ಟೆ ಉಂಡು ಏಳುವ ಹತ್ತು ಹನ್ನೆರಡು ವರ್ಷದ ಬಾಲಕ, ರಾತ್ರಿ ಹನ್ನೊಂದು ಹೊಡೆದ ತರುವಾಯ ಸಕ್ಕರೆ, ಬೆಲ್ಲ, ಬಿಸ್ಕತ್ತು, ಚಾಕೊಲೇಟು ಎಂದು ಕೈಗೆ ಸಿಕ್ಕಿದ ಸಿಹಿಯನ್ನೆಲ್ಲ ತಿನ್ನುತ್ತಾನೆ. ಮರುದಿನ ದಿಂಬಿನ ಕೆಳಗೆ ಖಾಲಿ ಪೊಟ್ಟಣಗಳು ದೊರೆಯುತ್ತವೆ. ಏಕೆ ತಿಂದೆಯೆಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ, ತಲೆತಗ್ಗಿಸಿ ನಿಲ್ಲುತ್ತಾನೆ.

ಬೆಣ್ಣೆ ಕದ್ದ ಕೃಷ್ಣನನ್ನು ಹಾಡಿ ಹೊಗಳುವ ನಾವು ಸಕ್ಕರೆ ಕದ್ದ ಮಗುವನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ. ಹೊಟ್ಟೆಬಾಕತನ, ಕಳ್ಳಬುದ್ಧಿ, ಅತಿಮುದ್ದಿನ ಫಲ ಎಂದು ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಾರೆ. ಹೊಟ್ಟೆಯಲ್ಲಿ ಜಂತುಹುಳು ಸೇರಿರಬೇಕೆಂದು ಅಜ್ಜಿ ಹೇಳುತ್ತಾಳೆ. ಸಕ್ಕರೆಯಿಂದಲೇ ಮಗುವಿನ ತಲೆ ಕೆಟ್ಟಿತೆಂದು ನೆರೆಯವರು ತೀರ್ಮಾನಿಸುತ್ತಾರೆ. ಹೀಗೆ ಹೆಸರಿಡುವವರಲ್ಲಿ ಯಾರೂ ಆ ಮಗುವಿಗೆ ರಾತ್ರಿ ನಿದ್ರೆ ಬರುತ್ತಿದೆಯೇ, ಹಗಲು ಅದರ ಮನಸ್ಸು ಹೇಗಿದೆ, ಅದು ಯಾವ ಔಷಧವನ್ನು ಸೇವಿಸುತ್ತಿದೆ ಎಂದು ಕೇಳುವುದಿಲ್ಲ.

ರಾತ್ರಿ ಎದ್ದು ಸಿಹಿ ತಿನ್ನುವ ಮಕ್ಕಳೆಲ್ಲರೂ ರೋಗಿಗಳೆಂದು ವಾಚಕರು ಭಾವಿಸಬಾರದು. ಬೆಳೆಯುವ ದೇಹಕ್ಕೆ ಹಸಿವು ಸಹಜ. ಸಿಹಿಯ ಆಸೆಯೂ ಸಹಜ. ಆದರೆ ಖಿನ್ನತೆಯಿಂದಾಗಲಿ, ಖಿನ್ನತೆ ಮತ್ತು ಉನ್ಮಾದಗಳು ಸರದಿಯಂತೆ ಬರುವ ದ್ವಿಧ್ರುವಿ ವ್ಯಾಧಿಯಿಂದಾಗಲಿ ನರಳುವ ಮಕ್ಕಳಲ್ಲಿ ಈ ಹಂಬಲವು ಮೇರೆ ಮೀರುವುದುಂಟು. ಅಂಥ ಮಕ್ಕಳಲ್ಲಿ ಅದು ಗುಣದೋಷದ ಪ್ರಶ್ನೆಯಾಗಿ ಉಳಿಯುವುದಿಲ್ಲ. ದೇಹದ ಗಡಿಯಾರ, ಮನಸ್ಸಿನ ನೋವು, ಸೇವಿಸುವ ಔಷಧ—ಈ ಮೂರೂ ಕೂಡುವೆಡೆಯಲ್ಲಿ ಕಾಣಿಸಿಕೊಳ್ಳುವ ಕುರುಹು ಅದು. ಆ ಕುರುಹನ್ನು ಓದುವುದು ಹೇಗೆಂಬುದನ್ನು ಈಗ ನೋಡೋಣ.

ಹುಟ್ಟಿನೊಡನೆ ಬಂದ ರುಚಿ

ಸಿಹಿಯ ಮೇಲಿನ ಪ್ರೀತಿಯನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಹುಟ್ಟಿ ಕೆಲವೇ ಗಂಟೆಗಳಾದ ಶಿಶುವಿನ ನಾಲಗೆಯ ಮೇಲೆ ಸಕ್ಕರೆನೀರಿನ ಹನಿ ಬಿದ್ದರೆ ಅದರ ಮುಖ ಅರಳುತ್ತದೆ. ಕಹಿಯ ಹನಿ ಬಿದ್ದರೆ ಮುಖ ಸಿಂಡರಿಸುತ್ತದೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಾಯಿಯ ಹಾಲು ಸಿಹಿ, ಮಾಗಿದ ಹಣ್ಣು ಸಿಹಿ. ಸಸ್ಯಗಳಲ್ಲಿರುವ ವಿಷಗಳಾದರೋ ಬಹುಮಟ್ಟಿಗೆ ಕಹಿ. ಸಿಹಿಯನ್ನು ಅರಸಿ ಕಹಿಯನ್ನು ಉಗುಳಿದ ಜೀವಿಯೇ ಉಳಿದು ಬಾಳಿತು.

ಮಕ್ಕಳಿಗಂತೂ ಇದರ ಅಗತ್ಯ ಹೆಚ್ಚು. ಬೆಳೆಯುವ ಮಿದುಳು ಗ್ಲೂಕೋಸನ್ನು ಧಾರಾಳವಾಗಿ ಉರಿಸುತ್ತದೆ. ಐದು ವರ್ಷದ ಆಸುಪಾಸಿನಲ್ಲಿ ದೇಹವು ವ್ಯಯಮಾಡುವ ಒಟ್ಟು ಶಕ್ತಿಯ ಶೇಕಡ ೪೦ಕ್ಕಿಂತ ಹೆಚ್ಚು ಪಾಲು ಮಿದುಳೊಂದಕ್ಕೇ ಸಲ್ಲುತ್ತದೆಯೆಂದು ೨೦೧೪ರಲ್ಲಿ ಪ್ರಕಟವಾದ ಲೆಕ್ಕಾಚಾರದಿಂದ ತಿಳಿದುಬಂದಿದೆ. ದೊಡ್ಡವರಿಗೆ ಬಾಯಿಗಿಡಲಾಗದಷ್ಟು ಸಿಹಿಯಾದ ಪಾನಕವನ್ನು ಮಕ್ಕಳು ಚಪ್ಪರಿಸಿ ಕುಡಿಯುವುದು ಇದರಿಂದಲೇ ಇರಬೇಕು. ಹರೆಯ ಮುಗಿದು ಬೆಳವಣಿಗೆ ನಿಲ್ಲುತ್ತ ಬಂದಂತೆ ಆ ಒಲವು ತಾನಾಗಿ ತಗ್ಗುತ್ತದೆ.

ಸಿಹಿಗೆ ಇನ್ನೊಂದು ಗುಣವೂ ಉಂಟು. ಅದು ನೋವನ್ನು ಮರೆಸುತ್ತದೆ. ನವಜಾತ ಶಿಶುವಿನ ಹಿಮ್ಮಡಿಯನ್ನು ಸೂಜಿಯಿಂದ ಚುಚ್ಚಿ ರಕ್ತ ತೆಗೆಯುವ ಮುನ್ನ ಆಸ್ಪತ್ರೆಗಳಲ್ಲಿ ಅದರ ಬಾಯಿಗೆ ಸಕ್ಕರೆಯ ದ್ರಾವಣದ ಕೆಲವು ಹನಿಗಳನ್ನು ಹಾಕುವುದುಂಟು. ಮಗು ಕಡಿಮೆ ಅಳುತ್ತದೆ. ಸಿಹಿಯ ರುಚಿ ತಾಗಿದೊಡನೆ ಮಿದುಳು ತನ್ನದೇ ಆದ ನೋವುನಿವಾರಕಗಳನ್ನು ಸ್ರವಿಸುವುದೆಂದು ತಜ್ಞರ ಅಭಿಪ್ರಾಯ. ಹಾಗಾದರೆ ಮನಸ್ಸಿನ ನೋವಿಗೂ ಮಗು ಇದೇ ಮದ್ದನ್ನು ಹುಡುಕುತ್ತಿರಬಹುದೆ?

ಫಿಲಡೆಲ್ಫಿಯದ ಪ್ರಯೋಗ

ಅಮೆರಿಕೆಯ ಫಿಲಡೆಲ್ಫಿಯ ನಗರದಲ್ಲಿ ಮೊನೆಲ್ ಕೇಂದ್ರವೆಂಬ ಸಂಸ್ಥೆಯಿದೆ. ರುಚಿ ಮತ್ತು ವಾಸನೆಗಳ ಶೋಧವೇ ಅದರ ಕೆಲಸ. ಅಲ್ಲಿಯ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಐದರಿಂದ ಹನ್ನೆರಡು ವರ್ಷದೊಳಗಿನ ೩೦೦ ಮಕ್ಕಳನ್ನು ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಕಳಿಗೆ ಬೇರೆ ಬೇರೆ ಪ್ರಮಾಣದ ಸಕ್ಕರೆನೀರನ್ನು ಎರಡೆರಡಾಗಿ ಕೊಟ್ಟು, ಯಾವುದು ಹೆಚ್ಚು ಹಿಡಿಸಿತೆಂದು ಕೇಳಿದರು. ಮಗುವಿನ ಮನಸ್ಸು ಕುಗ್ಗಿದೆಯೆ ಎಂಬುದನ್ನು ಸರಳವಾದ ಪ್ರಶ್ನೆಗಳಿಂದ ಅಳೆದರು. ಮನೆತನದಲ್ಲಿ ಕುಡಿತದ ಚಟವಿತ್ತೆ ಎಂಬುದನ್ನೂ ವಿಚಾರಿಸಿಕೊಂಡರು.

ಮನಸ್ಸು ಕುಗ್ಗಿದ್ದು, ಜೊತೆಗೆ ಮನೆತನದಲ್ಲಿ ಕುಡಿತದ ಚಟವೂ ಇದ್ದ ೩೭ ಮಕ್ಕಳು ಎಲ್ಲರಿಗಿಂತ ಸಿಹಿಯಾದ ನೀರನ್ನು ಆರಿಸಿಕೊಂಡರು. ಅವರು ಮೆಚ್ಚಿದ್ದು ಶೇಕಡ ೨೪ರಷ್ಟು ಸಕ್ಕರೆಯುಳ್ಳ ದ್ರಾವಣವನ್ನು. ಒಂದು ದೊಡ್ಡ ಲೋಟ ನೀರಿಗೆ ಸುಮಾರು ೧೪ ಚಹದ ಚಮಚ ಸಕ್ಕರೆ ಬೆರಸಿದಂತಾಯಿತು! ಅಂಗಡಿಯಲ್ಲಿ ದೊರೆಯುವ ಕೋಲಾ ಪಾನೀಯದ ಸಿಹಿ ಇದರ ಅರ್ಧಕ್ಕೂ ಬಾರದು. ಇವೆರಡೂ ಇಲ್ಲದ ಮಕ್ಕಳು ಶೇಕಡ ೧೮ರಷ್ಟಕ್ಕೆ ತೃಪ್ತಿಪಟ್ಟರು.

ಪ್ರಯೋಗದ ಎರಡನೆಯ ಭಾಗ ಇನ್ನೂ ಅರ್ಥವತ್ತಾದುದು. ಮಕ್ಕಳು ತಣ್ಣೀರಿನ ತೊಟ್ಟಿಯಲ್ಲಿ ಕೈಯಿಟ್ಟು, ತಡೆಯಲಾಗದಾಗ ಹೊರತೆಗೆಯಬೇಕು. ಒಮ್ಮೆ ಬಾಯಲ್ಲಿ ಬರಿಯ ನೀರು, ಇನ್ನೊಮ್ಮೆ ಸಕ್ಕರೆನೀರು. ಮನಸ್ಸು ನೆಮ್ಮದಿಯಾಗಿದ್ದ ಮಕ್ಕಳು ಬಾಯಲ್ಲಿ ಸಿಹಿಯಿದ್ದಾಗ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಹೊತ್ತು ತಡೆದುಕೊಂಡರು. ಮನಸ್ಸು ಕುಗ್ಗಿದ್ದ ಮಕ್ಕಳಲ್ಲಿ ಸಿಹಿಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಈ ಮಾತನ್ನು ಕೊಂಚ ನಿಂತು ಯೋಚಿಸಬೇಕು. ಯಾರಿಗೆ ಸಿಹಿ ಹೆಚ್ಚು ಬೇಕೋ ಅವರಿಗೇ ಅದರ ಫಲ ದೊರೆಯಲಿಲ್ಲ. ಆ ಮಕ್ಕಳಲ್ಲಿ ಸಿಹಿಯನ್ನು ಅನುಭವಿಸುವ ವ್ಯವಸ್ಥೆಯೇ ಮಂದವಾಗಿದ್ದು, ಅದರಿಂದಲೇ ಹೆಚ್ಚು ಹೆಚ್ಚು ಬಯಸುತ್ತಾರೆಯೋ ಏನೋ ಎಂಬ ಊಹೆಗೆ ಇದು ಎಡೆಗೊಡುತ್ತದೆ. ಮಕ್ಕಳ ಕುಗ್ಗುವಿಕೆಯನ್ನು ಅಳೆದುದು ಅವರೇ ಕೊಟ್ಟ ಉತ್ತರಗಳಿಂದ, ವೈದ್ಯರ ನಿರ್ಣಯದಿಂದಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಖಿನ್ನತೆಯ ಎರಡು ಮುಖಗಳು

ಖಿನ್ನನಾದವನು ಅನ್ನನೀರು ಬಿಡುತ್ತಾನೆಂಬುದು ಲೋಕರೂಢಿಯ ಮಾತು. ಹಲವರಲ್ಲಿ ಇದು ನಿಜ. ಆದರೆ ಇನ್ನು ಕೆಲವರಲ್ಲಿ ಹಸಿವು ತಗ್ಗುವುದಕ್ಕೆ ಬದಲಾಗಿ ಏರುತ್ತದೆ. ನಿದ್ರೆ ಕುಂದುವ ಬದಲು ಮಿತಿಮೀರುತ್ತದೆ. ಕೈಕಾಲು ಸೀಸದಂತೆ ಭಾರವಾಗುತ್ತವೆ. ಸಾಮಾನ್ಯ ಲಕ್ಷಣಗಳಿಗೆ ಹೊರತಾದ ಈ ಖಿನ್ನತೆಯನ್ನು ೧೯೫೯ರಲ್ಲಿ ಲಂಡನ್ನಿನ ವೆಸ್ಟ್ ಮತ್ತು ಡಾಲಿ ಎಂಬ ವೈದ್ಯರು ಪ್ರತ್ಯೇಕವಾಗಿ ಗುರುತಿಸಿದ್ದರು. ೧೯೮೪ರಲ್ಲಿ ಅಮೆರಿಕೆಯ ನಾರ್ಮನ್ ರೋಸೆಂತಾಲ್ ಮತ್ತು ಸಹೋದ್ಯೋಗಿಗಳು, ಚಳಿಗಾಲದ ಮಬ್ಬು ದಿನಗಳಲ್ಲಿ ಮಾತ್ರ ಖಿನ್ನರಾಗುವ ೨೯ ರೋಗಿಗಳನ್ನು ವರ್ಣಿಸಿದರು. ಅವರಲ್ಲಿ ಬಹುಮಂದಿ ದ್ವಿಧ್ರುವಿ ವ್ಯಾಧಿಯವರು. ಚಳಿಗಾಲ ಬಂದೊಡನೆ ಅವರಿಗೆ ನಿದ್ರೆ ಹೆಚ್ಚುತ್ತಿತ್ತು. ಅನ್ನ, ರೊಟ್ಟಿ, ಸಿಹಿಗಳಂಥ ಶರ್ಕರಪಿಷ್ಟಗಳ ಹಂಬಲ ಹೆಚ್ಚುತ್ತಿತ್ತು. ಮಕ್ಕಳಲ್ಲಿಯೂ ಇಂಥ ಋತುಖಿನ್ನತೆಯುಂಟೆಂದು ಅದೇ ತಂಡ ೧೯೮೬ರಲ್ಲಿ ವರದಿಮಾಡಿತು.

ಹಸಿವು ಏರುವ ಖಿನ್ನತೆಗೂ ಇಳಿಯುವ ಖಿನ್ನತೆಗೂ ಮಿದುಳಿನಲ್ಲಿ ಭೇದವುಂಟು. ಅಮೆರಿಕೆಯ ಟಲ್ಸ ನಗರದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನರಾದ ವಯಸ್ಕರಿಗೆ ತಿಂಡಿತಿನಿಸುಗಳ ಚಿತ್ರಗಳನ್ನು ತೋರಿಸಿ, ಮಿದುಳಿನ ಯಾವ ಯಾವ ಭಾಗ ಎಚ್ಚರಗೊಳ್ಳುವುದೆಂದು ಯಂತ್ರದಿಂದ ನೋಡಲಾಯಿತು. ಹಸಿವು ಹೆಚ್ಚಿದ್ದವರಲ್ಲಿ ಸುಖವನ್ನು ನಿರೀಕ್ಷಿಸುವ ಕೇಂದ್ರಗಳು ಚುರುಕಾದುವು. ಹಸಿವು ಕುಂದಿದ್ದವರಲ್ಲಿ, ದೇಹದೊಳಗಿನ ಸ್ಥಿತಿಗತಿಗಳನ್ನು ಅರಿಯುವ ಕೇಂದ್ರಗಳ ಚಟುವಟಿಕೆ ತಗ್ಗಿತ್ತು. ಕಾಯಿಲೆಯ ಹೆಸರು ಒಂದೇ. ಊಟದ ತಟ್ಟೆಯ ಮುಂದೆ ಅದು ಎರಡು ಬಗೆ.

ರಾತ್ರಿಯೇ ಏಕೆ?

ಸಿಹಿ ಏಕೆಂಬುದಾಯಿತು, ಆ ಹಂಬಲ ರಾತ್ರಿಯಲ್ಲೇ ಏಕೆ ಕೆರಳಬೇಕು? ಈ ಪ್ರಶ್ನೆಯನ್ನು ಕ್ರಮವಾಗಿ ವಿಚಾರಿಸಿದವರಲ್ಲಿ ಮೊದಲಿಗರು ನ್ಯೂಯಾರ್ಕಿನ ಆಲ್ಬರ್ಟ್ ಸ್ಟಂಕರ್ಡ್. ತೂಕ ಇಳಿಸಲೆಂದು ಬಂದ ಕೆಲವರು ಬೆಳಿಗ್ಗೆ ಏನನ್ನೂ ತಿನ್ನದೆ, ರಾತ್ರಿಯ ಊಟವಾದ ಮೇಲೆ ದಿನದ ಆಹಾರದ ಕಾಲುಭಾಗಕ್ಕಿಂತ ಹೆಚ್ಚನ್ನು ತಿಂದು, ನಿದ್ರೆಯಿಲ್ಲದೆ ಹೊರಳಾಡುವುದನ್ನು ಅವರು ಕಂಡರು. ೧೯೫೫ರಲ್ಲಿ ಅದಕ್ಕೆ ರಾತ್ರಿಯೂಟದ ಲಕ್ಷಣಕೂಟವೆಂಬ ಅರ್ಥದ ಹೆಸರಿಟ್ಟರು. ಬಾಳಿನಲ್ಲಿ ತೊಂದರೆಗಳು ಮುತ್ತಿದಾಗ ಅದು ಉಲ್ಬಣಿಸುತ್ತಿತ್ತು. ಐವತ್ತೊಂದು ವರ್ಷಗಳ ತರುವಾಯ, ೨೦೦೬ರಲ್ಲಿ, ಅಮೆರಿಕೆಯ ಎರಡು ಮನೋರೋಗ ಚಿಕಿತ್ಸಾಲಯಗಳ ೩೯೯ ವಯಸ್ಕ ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡ ೧೨ರಷ್ಟು ಮಂದಿಯಲ್ಲಿ ಈ ಲಕ್ಷಣಗಳು ಕಂಡುಬಂದುವು. ಸಾಮಾನ್ಯ ಜನರಲ್ಲಿ ಇದು ಶೇಕಡ ಒಂದೆರಡರಷ್ಟು ಮಾತ್ರ.

ಇದರ ಒಳಗುಟ್ಟನ್ನು ತಿಳಿಯಲು ದೇಹದ ಗಡಿಯಾರವನ್ನು ಪರಿಚಯಮಾಡಿಕೊಳ್ಳಬೇಕು. ಮಿದುಳಿನ ತಳದಲ್ಲಿ, ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆ, ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ನರಕಣಗುಚ್ಛಗಳಿವೆ. ನಿದ್ರೆ, ಮೈಬಿಸಿ, ಹಾರ್ಮೋನುಗಳ ಏರಿಳಿತ ಎಲ್ಲವೂ ಇವುಗಳ ತಾಳಕ್ಕೆ ನಡೆಯುತ್ತವೆ. ಹಸಿವು ಸಹ ಅದೇ ತಾಳಕ್ಕೆ ಕುಣಿಯುತ್ತದೆ. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆರೋಗ್ಯವಂತರಾದ ೧೨ ಮಂದಿಯನ್ನು ಹೊರಗಿನ ಬೆಳಕು, ಹೊತ್ತುಗಳ ಸುಳಿವೇ ಸಿಗದ ಮಂದಬೆಳಕಿನ ಕೋಣೆಯಲ್ಲಿರಿಸಿ, ಅವರ ಹಸಿವನ್ನು ಅಳೆಯಲಾಯಿತು. ಊಟ ನಿದ್ರೆಗಳ ಪರಿಣಾಮವನ್ನು ಕಳೆದು ನೋಡಿದಾಗ, ದೇಹದ ಗಡಿಯಾರದ ಪ್ರಕಾರ ಬೆಳಿಗ್ಗೆ ಎಂಟರ ಸುಮಾರಿಗೆ ಹಸಿವು ಅತ್ಯಂತ ಕಡಿಮೆ. ಸಂಜೆ ಎಂಟರ ಸುಮಾರಿಗೆ ಅತ್ಯಂತ ಹೆಚ್ಚು. ಸಿಹಿ, ಉಪ್ಪು, ಪಿಷ್ಟಪದಾರ್ಥಗಳ ಆಸೆಯೂ ಅದೇ ಜಾಡಿನಲ್ಲಿ ಏರುತ್ತಿತ್ತು. ಹೀಗೆ ರಾತ್ರಿಯ ಹಸಿವಿನ ಬೀಜ ನಮ್ಮೆಲ್ಲರಲ್ಲಿಯೂ ಇದೆ. ಸಾಮಾನ್ಯವಾಗಿ ಆ ಹಸಿವು ತೊಂದರೆಕೊಡುವ ಮುನ್ನವೇ ನಿದ್ರೆ ಬಂದು ನಮ್ಮನ್ನು ಕಾಪಾಡುತ್ತದೆ.

ಭಾವಸ್ಥಿತಿಯ ಕಾಯಿಲೆಯಿರುವ ಮಗುವಿಗೆ ತಪ್ಪುವುದು ಈ ನಿದ್ರೆಯೇ. ಖಿನ್ನತೆಯಲ್ಲಿ ನಿದ್ರೆ ತುಂಡುತುಂಡಾಗುತ್ತದೆ. ಉನ್ಮಾದದ ಏರಿನಲ್ಲಿ ಮಗುವಿಗೆ ನಿದ್ರೆಯೇ ಬೇಡವಾಗುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರವು ಸಹಜವಾಗಿಯೇ ತಡವಾಗಿ ಓಡತೊಡಗುವುದರಿಂದ ತೊಡಕು ಇಮ್ಮಡಿಯಾಗುತ್ತದೆ. ನಿದ್ರೆ ಕೆಟ್ಟಾಗ ಏನಾಗುವುದೆಂಬುದನ್ನು ಷಿಕಾಗೋ ವಿಶ್ವವಿದ್ಯಾನಿಲಯದ ತಜ್ಞರು ೨೦೦೪ರಲ್ಲಿ ತೋರಿಸಿದರು. ಆರೋಗ್ಯವಂತರಾದ ೧೨ ತರುಣರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಅವಕಾಶಕೊಟ್ಟಾಗ, ಹತ್ತು ಗಂಟೆ ಮಲಗಿದ್ದಾಗಿನ ಸ್ಥಿತಿಗೆ ಹೋಲಿಸಿದರೆ, ಹೊಟ್ಟೆ ತುಂಬಿತೆಂದು ಸಾರುವ ಲೆಪ್ಟಿನ್ ಶೇಕಡ ೧೮ರಷ್ಟು ಇಳಿಯಿತು. ಹಸಿವನ್ನು ಕೆರಳಿಸುವ ಗ್ರೆಲಿನ್ ಶೇಕಡ ೨೮ರಷ್ಟು ಏರಿತು. ಸಿಹಿಗೂ ಪಿಷ್ಟಕ್ಕೂ ನಾಲಗೆ ಹಾತೊರೆಯಿತು. ಹದಿಹರೆಯದವರ ನಿದ್ರೆಯನ್ನು ರಾತ್ರಿಗೆ ಆರೂವರೆ ಗಂಟೆಗೆ ಮೊಟಕುಮಾಡಿದ ಇನ್ನೊಂದು ಪ್ರಯೋಗದಲ್ಲಿ ಅವರು ಸಿಹಿತಿನಿಸುಗಳನ್ನು ಹೆಚ್ಚಾಗಿ ತಿಂದರೆಂದು ೨೦೧೩ರಲ್ಲಿ ವರದಿಯಾಯಿತು.

ಎಚ್ಚರವಾಗಿರುವ ಮಗು, ಎಂಟಕ್ಕೆ ಏರಿ ಇನ್ನೂ ಇಳಿಯದ ಹಸಿವು, ಮಲಗಿರುವ ಹಿರಿಯರು, ಹಗಲಿನ ಆಟಪಾಠಗಳ ಮರೆಯಿಲ್ಲದೆ ಎದುರು ನಿಂತ ದುಗುಡ—ಇವೆಲ್ಲ ಒಂದೇ ಹೊತ್ತಿನಲ್ಲಿ ಸೇರಿದರೆ ಕಾಲುಗಳು ಅಡಿಗೆಮನೆಯತ್ತ ನಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಸಿಹಿ ನಿಜವಾಗಿ ಸಮಾಧಾನ ಕೊಡುವುದೆ?

ಈ ಬಗ್ಗೆ ಒಂದು ಸೊಗಸಾದ ಸಿದ್ಧಾಂತವಿದೆ. ಮನಸ್ಸನ್ನು ಹದದಲ್ಲಿಡುವ ಸೆರೊಟೊನಿನ್ ಎಂಬ ವಸ್ತುವನ್ನು ಮಿದುಳು ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತದೆ. ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಕಿರಿದು. ಬೇರೆ ಅಮೈನೋ ಆಮ್ಲಗಳೂ ಅಲ್ಲಿ ನೂಕುನುಗ್ಗಲು ಮಾಡುತ್ತವೆ. ಸಿಹಿಯನ್ನೋ ಪಿಷ್ಟವನ್ನೋ ತಿಂದಾಗ ಇನ್ಸುಲಿನ್ ಸ್ರವಿಸಿ, ಆ ಸ್ಪರ್ಧಿಗಳನ್ನು ಮಾಂಸಖಂಡಗಳೊಳಕ್ಕೆ ಅಟ್ಟುತ್ತದೆ. ದಾರಿ ತೆರವಾಗಿ ಟ್ರಿಪ್ಟೊಫೇನ್ ಸುಲಭವಾಗಿ ಒಳಹೋಗುತ್ತದೆ. ಫರ್ನ್‌ಸ್ಟ್ರಾಮ್ ಮತ್ತು ರಿಚರ್ಡ್ ವರ್ಟ್‌ಮನ್ ಎಂಬ ವಿಜ್ಞಾನಿಗಳು ೧೯೭೧ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಖಿನ್ನನಾದವನು ತಿಳಿಯದೆಯೇ ಸಿಹಿಯನ್ನು ಔಷಧದಂತೆ ಬಳಸುತ್ತಾನೆಂಬ ವಾದವನ್ನು ವರ್ಟ್‌ಮನ್ ದಂಪತಿಗಳು ೧೯೮೦ರ ದಶಕದಲ್ಲಿ ಬೆಳೆಸಿದರು.

ಆದರೆ ಸೊಗಸಾದುದೆಲ್ಲವೂ ಪೂರ್ಣ ಸತ್ಯವಾಗಬೇಕಾಗಿಲ್ಲ. ತಿನಿಸಿನಲ್ಲಿ ಕೊಂಚ ಪ್ರೋಟೀನು, ಎಂದರೆ ಸಸಾರಜನಕ, ಬೆರೆತಿದ್ದರೂ ಸ್ಪರ್ಧಿಗಳ ಸಂಖ್ಯೆ ಹೆಚ್ಚಿ ಈ ಪರಿಣಾಮ ಅಡಗಿಹೋಗುತ್ತದೆ. ಹಾಲಿನ ಚಾಕೊಲೇಟಿನಲ್ಲೂ ಪ್ರೋಟೀನು ಇದ್ದೇ ಇದೆ. ಮೇಲಾಗಿ, ಶರ್ಕರಪಿಷ್ಟಗಳು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಕುರಿತ ೩೧ ಅಧ್ಯಯನಗಳನ್ನು ೨೦೧೯ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತಿಂದವರ ಮನಸ್ಸು ಉಲ್ಲಾಸಗೊಂಡ ಪುರಾವೆ ಸಿಗಲಿಲ್ಲ. ಅರ್ಧ ಗಂಟೆಯೊಳಗೆ ಆಯಾಸ ಹೆಚ್ಚಿತು. ಒಂದು ಗಂಟೆಯೊಳಗೆ ಚುರುಕು ತಗ್ಗಿತು. ಆ ಅಧ್ಯಯನಗಳು ವಯಸ್ಕರವು. ಆದರೂ ಸಿಹಿಯ ಸಮಾಧಾನ ಎಷ್ಟು ಅಲ್ಪವೆಂಬುದು ಅವುಗಳಿಂದ ತಿಳಿಯುತ್ತದೆ. ನಾಲಗೆಗೆ ತಾಗಿದ ಗಳಿಗೆಯ ಸುಖ ನಿಜ, ಅದು ನಿಲ್ಲುವಂಥದಲ್ಲ. ನಿಲ್ಲದಿರುವುದರಿಂದಲೇ ಕೈ ಮತ್ತೆ ಡಬ್ಬಿಗೆ ಹೋಗುತ್ತದೆ.

ಸಕ್ಕರೆ ಹೊತ್ತ ಅಪವಾದ

ಹಾಗಾದರೆ ನೆರೆಯವರ ಮಾತೇ ಸರಿಯೆ? ಸಕ್ಕರೆಯೇ ಮಗುವನ್ನು ಕೆಡಿಸಿತೆ? ಇದಕ್ಕೆ ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ. ಮಕ್ಕಳ ನಡತೆಯ ಮೇಲೆ ಸಕ್ಕರೆಯ ಪರಿಣಾಮವನ್ನು ಪರೀಕ್ಷಿಸಿದ ೨೩ ಪ್ರಯೋಗಗಳನ್ನು ೧೯೯೫ರಲ್ಲಿ ವೋಲ್‌ರೈಚ್ ಮತ್ತು ಸಂಗಡಿಗರು ಒಟ್ಟಿಗೆ ತೂಗಿ ನೋಡಿದರು. ಮಗುವಿಗಾಗಲಿ ತಾಯಿತಂದೆಗಳಿಗಾಗಲಿ ಪರೀಕ್ಷಕರಿಗಾಗಲಿ ಯಾವುದರಲ್ಲಿ ಸಕ್ಕರೆಯಿದೆಯೆಂದು ತಿಳಿಯದಂತೆ ನಡೆಸಿದ ಆ ಪ್ರಯೋಗಗಳಲ್ಲಿ, ಸಕ್ಕರೆಯಿಂದ ಮಕ್ಕಳ ನಡತೆಯಾಗಲಿ ಬುದ್ಧಿಶಕ್ತಿಯಾಗಲಿ ಕೆಟ್ಟುದು ಕಂಡುಬರಲಿಲ್ಲ.

ಅದಕ್ಕೆ ಹಿಂದಿನ ವರ್ಷ ನಡೆದ ಹೂವರ್ ಮತ್ತು ಮಿಲಿಚ್ ಅವರ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ತಮ್ಮ ಮಗನಿಗೆ ಸಕ್ಕರೆ ಆಗದೆಂದು ನಂಬಿದ್ದ ತಾಯಂದಿರನ್ನು ಅವರು ಕರೆಸಿದರು. ಹುಡುಗರೆಲ್ಲರಿಗೂ ಕೊಟ್ಟುದು ಸಕ್ಕರೆಯಿಲ್ಲದ ಪಾನೀಯವನ್ನೇ. ಆದರೆ ಅರ್ಧದಷ್ಟು ತಾಯಂದಿರಿಗೆ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಿದರು. ಆ ತಾಯಂದಿರು ತಮ್ಮ ಮಕ್ಕಳು ವಿಪರೀತ ಚೇಷ್ಟೆ ಮಾಡಿದರೆಂದು ದೂರಿದರು. ಮಗನ ಹಿಂದೆಯೇ ಸುತ್ತುತ್ತ ಹೆಚ್ಚು ಟೀಕಿಸಿದರು. ಸಕ್ಕರೆ ಇದ್ದುದು ತಾಯಿಯ ನಂಬಿಕೆಯಲ್ಲಿ ಮಾತ್ರ!

ಅಜ್ಜಿಯ ಜಂತುಹುಳುವಿನ ವಿಚಾರವೂ ಹೀಗೆಯೇ. ಹುಳುಗಳು ಬರುವುದು ಕೊಳೆಯಾದ ಮಣ್ಣು, ನೀರು, ಕೈಗಳಿಂದ, ಸಕ್ಕರೆಯಿಂದಲ್ಲ. ಅಪವಾದದಿಂದ ಮುಕ್ತವಾದ ಮಾತ್ರಕ್ಕೆ ಸಕ್ಕರೆ ನಿರಪರಾಧಿಯೆಂದಲ್ಲ. ರಾತ್ರಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲುಗಳಿಗೆ ಅದು ಹೆಚ್ಚು ಹಾನಿಮಾಡುತ್ತದೆ, ಕೊಬ್ಬಾಗಿ ಕೂಡುತ್ತದೆ. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಸೂಚಿಸಿದೆ. ಈ ಮಾತು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ಇನ್ನೊಂದು ಬಗೆಯ ಆತುರವೂ ಸಲ್ಲದು. ೧೯೯೯ರಲ್ಲಿ ಪಪೋಲಸ್ ದಂಪತಿಗಳು ಬಾಲ್ಯದ ದ್ವಿಧ್ರುವಿ ವ್ಯಾಧಿಯನ್ನು ಕುರಿತು ಬರೆದ ಗ್ರಂಥ ಅಮೆರಿಕೆಯಲ್ಲಿ ಬಹಳ ಪ್ರಚಾರಗೊಂಡಿತು. ಸಿಹಿಯ ಹಂಬಲವನ್ನೂ ಅವರು ಆ ವ್ಯಾಧಿಯ ಲಕ್ಷಣಗಳೊಡನೆ ಎಣಿಸಿದ್ದರು. ಆ ಕಾಲದಲ್ಲಿ ಅಲ್ಲಿ ಮಕ್ಕಳಿಗೆ ಈ ವ್ಯಾಧಿಯ ಹೆಸರಿಡುವುದು ಹೆಚ್ಚುತ್ತಲೇ ಹೋಯಿತು. ೧೯೯೪-೯೫ರಿಂದ ೨೦೦೨-೦೩ರ ವೇಳೆಗೆ, ಈ ನಿರ್ಣಯದೊಡನೆ ಎಳೆಯರು ವೈದ್ಯರಲ್ಲಿಗೆ ಬಂದ ಭೇಟಿಗಳು ಸುಮಾರು ನಲವತ್ತು ಪಟ್ಟು ಏರಿದುವು. ಸದಾ ಸಿಡುಕುವ ಮಕ್ಕಳಿಗೆಲ್ಲ ದ್ವಿಧ್ರುವಿಯ ಹೆಸರಿಡಬಾರದೆಂದು ೨೦೧೩ರಲ್ಲಿ ಅಮೆರಿಕೆಯ ಮನೋವೈದ್ಯರು ಬೇರೊಂದು ವರ್ಗವನ್ನೇ ಕಲ್ಪಿಸಬೇಕಾಯಿತು. ಸಿಹಿಯ ಹಂಬಲವೊಂದರಿಂದ ಯಾವ ಮನೋವ್ಯಾಧಿಯನ್ನೂ ನಿರ್ಣಯಿಸಲಾಗದು.

ಔಷಧದ ಪಾಲು

ಇನ್ನು ಮೂರನೆಯ ಕಾರಣ. ಭಾವಸ್ಥಿತಿಯ ಏರಿಳಿತಗಳನ್ನು ತಡೆಯುವ ಹಲವು ಔಷಧಗಳು ಹಸಿವನ್ನೂ ಕೆರಳಿಸುತ್ತವೆ. ಮಿದುಳಿನಲ್ಲಿ ಹಿಸ್ಟಮಿನ್ ಮತ್ತು ಸೆರೊಟೊನಿನ್‌ಗಳ ಸಂದೇಶವನ್ನು ಸ್ವೀಕರಿಸುವ ಕೆಲವು ದ್ವಾರಗಳನ್ನು ಅವು ಮುಚ್ಚುವುದರಿಂದ, ಸಾಕೆಂಬ ಸೂಚನೆ ಸರಿಯಾಗಿ ತಲಪುವುದಿಲ್ಲ. ಇಂಥ ಔಷಧಗಳನ್ನು ಮೊದಲ ಬಾರಿ ಸೇವಿಸಿದ, ನಾಲ್ಕರಿಂದ ಹತ್ತೊಂಬತ್ತು ವರ್ಷದೊಳಗಿನ ೨೭೨ ಎಳೆಯರ ತೂಕವನ್ನು ನ್ಯೂಯಾರ್ಕಿನ ಕೊರೆಲ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದರು. ಸುಮಾರು ಹನ್ನೊಂದು ವಾರಗಳಲ್ಲಿ ಒಲಾಂಜಪಿನ್ ಸೇವಿಸಿದವರ ತೂಕ ಸರಾಸರಿ ೮.೫ ಕಿಲೋಗ್ರಾಂ ಏರಿತ್ತು, ಕ್ವೆಟಯಪಿನ್‌ನಿಂದ ೬.೧, ರಿಸ್ಪೆರಿಡೋನ್‌ನಿಂದ ೫.೩, ಅರಿಪಿಪ್ರಜೋಲ್‌ನಿಂದ ೪.೪. ಔಷಧ ಸೇವಿಸದೆ ಉಳಿದ ಕೆಲವರ ತೂಕ ಏರಿದ್ದು ೦.೨ ಕಿಲೋಗ್ರಾಂ ಮಾತ್ರ.

ಆಸ್ಟ್ರೇಲಿಯದ ಜಾನ್ ಕೇಡ್ ೧೯೪೯ರಲ್ಲಿ ಉನ್ಮಾದಕ್ಕೆ ಮದ್ದೆಂದು ತೋರಿಸಿಕೊಟ್ಟ ಲಿಥಿಯಮ್ ಇಂದಿಗೂ ಬಳಕೆಯಲ್ಲಿದೆ. ಅದು ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಬಾಯಾರಿದ ಮಗುವಿನ ಕೈಗೆ ನೀರಿಗೆ ಬದಲು ಸಿಹಿಪಾನೀಯ ಸಿಕ್ಕಿದರೆ ಲೋಟಲೋಟವಾಗಿ ಸಕ್ಕರೆ ಒಳಹೋಗುತ್ತದೆ. ಚಂಚಲತೆಯ ಕಾಯಿಲೆಗಾಗಿ ಬೆಳಿಗ್ಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ರೀತಿ ಬೇರೆ: ಅದು ಹಗಲೆಲ್ಲ ಹಸಿವನ್ನು ಅಡಗಿಸುತ್ತದೆ, ಸಂಜೆ ಅದರ ಪ್ರಭಾವ ಇಳಿದೊಡನೆ ಉಣ್ಣದೆ ಉಳಿದ ದಿನದ ಹಸಿವೆಲ್ಲ ಒಮ್ಮೆಲೇ ಎದ್ದೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ತೂಕ ಏರಿತೆಂದೋ ಮಗು ರಾತ್ರಿ ತಿನ್ನುತ್ತದೆಯೆಂದೋ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಹಠಾತ್ತನೆ ನಿಲ್ಲಿಸಿದರೆ ಅಡಗಿದ್ದ ವ್ಯಾಧಿ ಮರುಕಳಿಸಬಹುದು. ಖಿನ್ನತೆಯ ಮರುಕಳಿಕೆಯಲ್ಲಿ ಮಗುವಿನ ಪ್ರಾಣಕ್ಕೇ ಭಯವುಂಟು. ಏರಿದ ತೂಕಕ್ಕಾದರೋ ಉಪಾಯಗಳಿವೆ. ಔಷಧವನ್ನು ಬದಲಿಸುವುದು, ಪ್ರಮಾಣವನ್ನೋ ವೇಳೆಯನ್ನೋ ಹೊಂದಿಸುವುದು ವೈದ್ಯರ ಕೆಲಸ. ಅವರಿಗೆ ಸಂಗತಿಯನ್ನು ಮುಚ್ಚಿಡದೆ ತಿಳಿಸುವುದು ಮನೆಯವರ ಕೆಲಸ.

ಮಾಡತಕ್ಕುದೇನು?

ಎಲ್ಲಕ್ಕಿಂತ ಮೊದಲು ದೇಹದ ಬೇರೆ ಕಾಯಿಲೆಗಳಿಲ್ಲವೆಂದು ಖಚಿತಮಾಡಿಕೊಳ್ಳಬೇಕು. ಮಗು ರಾತ್ರಿ ಹಸಿದು ಎದ್ದೇಳುವುದಲ್ಲದೆ, ಪದೇ ಪದೇ ನೀರು ಕುಡಿದು, ಪದೇ ಪದೇ ಮೂತ್ರಕ್ಕೆ ಹೋಗುತ್ತ, ತಿಂದರೂ ಸೊರಗುತ್ತಿದ್ದರೆ ಅದು ಸಿಹಿಮೂತ್ರ ರೋಗವಾಗಿರಬಹುದು. ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗುವಿಗೆ ರಾತ್ರಿ ರಕ್ತದ ಸಕ್ಕರೆ ಇಳಿದು ಹಸಿವಾಗುವುದುಂಟು. ಆಗ ಸಿಹಿಯೇ ಔಷಧ. ನಿದ್ರೆಯಲ್ಲೇ ಎದ್ದು ತಿಂದು, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ನಿದ್ರಾನಡಿಗೆಯ ಜಾತಿಗೆ ಸೇರಿದ ಬೇರೆ ತೊಂದರೆ.

ತರುವಾಯ ಒಂದು ನೋಟ್‌ಬುಕ್ಕು ಬೇಕು. ಎರಡು ವಾರಗಳ ಕಾಲ, ಮಗು ಮಲಗಿದ ಮತ್ತು ಎದ್ದ ವೇಳೆ, ಹಗಲಿನ ಊಟತಿಂಡಿ, ರಾತ್ರಿ ತಿಂದುದು, ತಿನ್ನುವ ಮುನ್ನ ಮನಸ್ಸು ಹೇಗಿತ್ತೆಂಬುದು, ಔಷಧದ ವೇಳೆ—ಇಷ್ಟನ್ನು ಬರೆದಿಟ್ಟರೆ ಸಾಕು. ತಿಳಿವಳಿಕೆ ಬಂದ ಮಗುವಾದರೆ ಅದರ ಕೈಯಿಂದಲೇ ಬರೆಸುವುದು ಲೇಸು. ಹಂಬಲ ಔಷಧ ಬದಲಾದ ವಾರದಿಂದ ಮೊದಲಾಯಿತೆ? ನಿದ್ರೆ ಕೆಟ್ಟ ರಾತ್ರಿಗಳಲ್ಲಿ ಮಾತ್ರವೆ? ಹಗಲು ಉಪವಾಸವಿದ್ದ ದಿನಗಳಲ್ಲೆ? ಈ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಮೂಡುತ್ತದೆ. ವೈದ್ಯರಿಗೆ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ.

ಡಬ್ಬಿಗೆ ಬೀಗ ಹಾಕಿದರೆ ಹಂಬಲಕ್ಕೆ ಬೀಗ ಬಿದ್ದಂತಾಗಲಿಲ್ಲ. ಹಗಲಿನ ಆಹಾರವನ್ನು ಬಿಗಿಹಿಡಿದಷ್ಟೂ ರಾತ್ರಿಯ ಹಸಿವು ಬಲಿಯುತ್ತದೆ. ಬೆಳಿಗ್ಗೆ ಸ್ವಲ್ಪವಾದರೂ ತಿನ್ನಿಸುವುದು, ರಾತ್ರಿಯ ಊಟದಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ, ತರಕಾರಿಗಳನ್ನು ಹೆಚ್ಚಿಸುವುದು, ಹಸಿವು ಇನ್ನೂ ಉಳಿದರೆ ಮಲಗುವ ಮುನ್ನ ಒಂದು ಲೋಟ ಹಾಲನ್ನೋ ಹಣ್ಣನ್ನೋ ಎಲ್ಲರೆದುರಿಗೆ ಕೊಡುವುದು ಉತ್ತಮ. ಸಿಹಿಯನ್ನು ಪೂರ್ತಿ ನಿಷೇಧಿಸದೆ ಹಗಲಿನ ಊಟದೊಡನೆ ಅದಕ್ಕೊಂದು ಸ್ಥಾನ ಕೊಟ್ಟರೆ ಕದಿಯುವ ಅಗತ್ಯವೇ ಕುಂದುತ್ತದೆ. ನಿದ್ರೆಯ ವೇಳೆ ರಜಾದಿನಗಳಲ್ಲೂ ಹೆಚ್ಚು ತಪ್ಪಬಾರದು. ಮಲಗುವ ಮುನ್ನ ಫೋನು, ದೂರದರ್ಶನಗಳ ಬೆಳಕು ಬೇಡ. ಏಳುವ, ಉಣ್ಣುವ, ಮಲಗುವ ಹೊತ್ತನ್ನು ಕ್ರಮಪಡಿಸುವುದೇ ದ್ವಿಧ್ರುವಿ ವ್ಯಾಧಿಗೆ ಒಂದು ಚಿಕಿತ್ಸಾಕ್ರಮವೆಂದು ಪಿಟ್ಸ್‌ಬರ್ಗಿನ ಎಲೆನ್ ಫ್ರ್ಯಾಂಕ್ ರೂಪಿಸಿದ್ದಾರೆ. ಔಷಧದೊಡನೆ ಅದು ನೆರವಾಗುವುದೆಂದು ವಯಸ್ಕರಲ್ಲಿ ನಡೆದ ಪ್ರಯೋಗಗಳಿಂದ ತಿಳಿದಿದೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಇಂಥ ರಾತ್ರಿಗಳನ್ನು ತಾವೇ ಕಂಡಿರಬಹುದು. ಕೆಲವರು ತಮ್ಮನಲ್ಲೋ ತಂಗಿಯಲ್ಲೋ ಕಂಡಿರಬಹುದು. ಇದು ನಾಚಿಕೆಯ ವಿಷಯವಲ್ಲವೆಂದು ಮೊದಲು ತಿಳಿಯಬೇಕು. ತಾಯಿತಂದೆಗಳೊಡನೆಯೋ ನಂಬಿಕೆಯ ಅಧ್ಯಾಪಕರೊಡನೆಯೋ ಮಾತಾಡುವುದು ಮೊದಲ ಹೆಜ್ಜೆ. ಭಾರತ ಸರ್ಕಾರ ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶನ ನೀಡುತ್ತಿದೆ, ಕನ್ನಡದಲ್ಲಿಯೇ ಮಾತಾಡಬಹುದು.

ಜ್ವರ ಬಂದ ಮಗುವಿನ ಮೈ ಏಕೆ ಬಿಸಿಯಾಯಿತೆಂದು ನಾವು ಅದನ್ನು ಗದರಿಸುವುದಿಲ್ಲ. ಹಣೆ ಮುಟ್ಟಿ ನೋಡಿ ವೈದ್ಯರನ್ನು ಕರೆಯುತ್ತೇವೆ. ನಡುರಾತ್ರಿಯ ಹಂಬಲಕ್ಕೂ ಅದೇ ನ್ಯಾಯ ಸಲ್ಲಬೇಕು. ಅದನ್ನು ಕಳ್ಳತನವೆಂದು ಕರೆದ ದಿನ ಮಗು ಬಚ್ಚಿಡುವುದನ್ನು ಕಲಿಯುತ್ತದೆ. ಬಚ್ಚಿಟ್ಟ ಲಕ್ಷಣವನ್ನು ಯಾವ ವೈದ್ಯನೂ ಗುಣಪಡಿಸಲಾರ.